ಪಿಜಿಎಸ್ ಗುಂಪಿನಲ್ಲಿ ಒಬ್ಬರು ಬದುವಿಗೆ ಕಳೆ ಔಷಧಿ ಹೊಡೆದಿದ್ದಾರೆ. ಸಹಿ ಹಾಕಲಾ, ಬೇಡವಾ?

ಎರಡೆಕರೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಏಳು ಜನರ ಪಿಜಿಎಸ್ ಇಂಡಿಯಾ ಗುಂಪು, ಅಂದರೆ ರೈತರೇ ಸೇರಿ ಒಬ್ಬರಿಗೊಬ್ಬರು ಸಾವಯವ ಸರ್ಟಿಫಿಕೇಟ್ ಕೊಟ್ಟುಕೊಳ್ಳುವ ಸರ್ಕಾರದ ಪದ್ಧತಿ. ಎಲ್ಲರೂ ಎರಡು, ಮೂರು ಎಕರೆಯವರೇ. ರಾಗಿ, ತೊಗರಿ, ಅವರೆ, ಬೋರ್‌ವೆಲ್ ಇದ್ದವರಿಗೆ ಒಂದಿಷ್ಟು ತರಕಾರಿ. ಹೊರಗಿನವರಿಗೆ ಫೀಸು ಕಟ್ಟಿ ಸಾವಯವ ಸರ್ಟಿಫಿಕೇಟ್ ಮಾಡಿಸುವಷ್ಟು ದುಡ್ಡು ನಮ್ಮಲ್ಲಿಲ್ಲ. ಪಿಜಿಎಸ್‌ನಲ್ಲಿ ಒಬ್ಬರ ಹೊಲ ಇನ್ನೊಬ್ಬರು ನೋಡಿ ನಾವೇ ಸಹಿ ಹಾಕಿ ಕಳಿಸುವುದು. ಅದಕ್ಕೇ ಸೇರಿದೆವು. ಒಂದೂವರೆ ವರ್ಷ ಆಯಿತು. ಈಗ ಪಿಜಿಎಸ್ ಗ್ರೀನ್ ಇದೆ, ಅಂದರೆ ಸಾವಯವಕ್ಕೆ ಬದಲಾಗುತ್ತಿರುವ ಹಂತ. ಇನ್ನು ಆರು ತಿಂಗಳು ಕಳೆದರೆ ಪಿಜಿಎಸ್ ಆರ್ಗ್ಯಾನಿಕ್, ಪೂರ್ತಿ ಸಾವಯವ.

ಕಳೆದ ವಾರ ಹೊಲ ನೋಡಲು ಮೂವರು ಹೋಗಿದ್ದೆವು. ಒಬ್ಬರ ಬದುವಿನ ಹುಲ್ಲು ಉದ್ದಕ್ಕೂ ಸುಟ್ಟ ಹಾಗೆ ಹಳದಿ. ಕೇಳಿದರೆ ಬಿಸಿಲಿಗೆ ಅಂದರು. ಬಿಸಿಲು ಬದುವಿಗೆ ಮಾತ್ರ ಬೀಳುತ್ತಾ ಅಂದೆ. ಸುಮ್ಮನಾದರು. ಟೀ ಕುಡಿಯುವಾಗ ಅವರೇ ಹೇಳಿದರು. ಆಳು ಸಿಗಲಿಲ್ಲ, ಹುಲ್ಲಲ್ಲಿ ಎರಡು ಸಲ ಹಾವು ಕಂಡಿತ್ತು, ಒಂದು ಕ್ಯಾನ್ ಹೊಡೆಸಿಬಿಟ್ಟೆ, ಹೊಲದೊಳಗೆ ಒಂದು ಹನಿ ಬಿದ್ದಿಲ್ಲ ಅಂತ.

ಜೊತೆಗೆ ಬಂದಿದ್ದ ಇಬ್ಬರು ಸಹಿ ಹಾಕಿಬಿಟ್ಟರು. ಹಾಳೆ ಈಗ ನನ್ನ ಹತ್ತಿರ ಇದೆ. ಅವರು ನನ್ನ ಷಡ್ಡಕರು ಬೇರೆ. ಏನು ಮಾಡಲಿ?

ನೊಗ
ಹಾಕಿಬಿಡಿ. ಊರಲ್ಲಿ ಬದುಕಬೇಕಲ್ವಾ.

ಬದುವಿನ ಹುಲ್ಲು
ಹಾಕಬೇಡಿ. ಇದರಲ್ಲಿ ಯೋಚನೆ ಮಾಡುವುದೇನಿದೆ? ಸುಳ್ಳಿಗೆ ಸಹಿ ಹಾಕಿದ ಹಾಗೆ ಆಗುತ್ತದೆ.

ನೊಗ
ಬರೆಯುವುದು ಸುಲಭ. ನಾಳೆ ಅದೇ ಷಡ್ಡಕರ ಮನೆಯಲ್ಲಿ ಹಬ್ಬದ ಊಟಕ್ಕೆ ಕೂರಬೇಕಾದವರು ಅವರು, ನೀವಲ್ಲ.

ಹಳೇ ರಿಜಿಸ್ಟರ್
ಎರಡೆಕರೆ ಅಣ್ಣ, ನಾನು ನಮ್ಮ ಗುಂಪಿನ ಪುಸ್ತಕ ನಾಲ್ಕು ವರ್ಷ ಬರೆದವನು. ಮೊದಲು ನಿಯಮ ಹೇಳಿಬಿಡುತ್ತೇನೆ.

ಕಳೆನಾಶಕ ನಿಷೇಧ. ಹೊಲದೊಳಗೆ, ಬದುವಿನ ಮೇಲೆ ಅಂತ ಭೇದ ಇಲ್ಲ. ಬದು ಅವರ ಜಮೀನೇ ತಾನೆ? ಗುಂಪಿಗೆ ಸೇರುವಾಗ ಮಾಡಿದ ಪ್ರತಿಜ್ಞೆ ಇಡೀ ಜಮೀನಿಗೆ. ಅರ್ಧಕ್ಕೆ ಸಾವಯವ, ಅರ್ಧಕ್ಕೆ ಯೂರಿಯಾ ಅನ್ನುವ ಆಟ ಪಿಜಿಎಸ್‌ನಲ್ಲಿ ನಡೆಯುವುದಿಲ್ಲ. ಪರಿವರ್ತನೆಯ ಅವಧಿ ವರ್ಷದ ಬೆಳೆಗಳಿಗೆ 24 ತಿಂಗಳು, ತೆಂಗು ಮಾವಿನಂಥ ಬಹುವಾರ್ಷಿಕ ಬೆಳೆಗಳಿಗೆ 36 ತಿಂಗಳು. ಈ ಲೆಕ್ಕ ಕೊನೆಯ ಸಲ ನಿಷೇಧಿತ ವಸ್ತು ಹಾಕಿದ ದಿನದಿಂದ, ಇಲ್ಲವೇ ಪ್ರತಿಜ್ಞೆ ಮಾಡಿದ ದಿನದಿಂದ. ಯಾವುದು ತಡವೋ ಅದು. ಅಂದರೆ ನಿಮ್ಮ ಷಡ್ಡಕರ ಗಡಿಯಾರ ಆ ಕ್ಯಾನ್ ಹೊಡೆದ ದಿನಕ್ಕೆ ಬಂದು ನಿಂತಿದೆ.

ಆದರೆ ಒಂದು ಸಮಾಧಾನ. ಒಬ್ಬರು ತಪ್ಪಿದರೆ ಇಡೀ ಗುಂಪು ಮುಳುಗುವುದಿಲ್ಲ. ಯಾರು ಯಾವ ಹಂತದಲ್ಲಿದ್ದಾರೆ ಅನ್ನುವುದನ್ನು ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುತ್ತಾರೆ. ಆರು ಜನ ಮುಂದಕ್ಕೆ, ಒಬ್ಬರು ಹಿಂದಕ್ಕೆ. ಕನಿಷ್ಠ ಐದು ಜನ ಇರಬೇಕು, ನೀವು ಏಳು ಇದ್ದೀರಿ. ಗುಂಪಿಗೆ ಅಪಾಯ ಬರುವುದು ಸುಳ್ಳು ಬರೆದು ಕಳಿಸಿ ಮೇಲಿನ ಪ್ರಾದೇಶಿಕ ಪರಿಷತ್ತಿನವರ ಕೈಗೆ ಸಿಕ್ಕಿಬಿದ್ದಾಗ.

ಎರಡೆಕರೆ
ಅಣ್ಣ, ಈ ಬೇರೆ ಬೇರೆ ಬರೆಯುವ ವಿಷಯ ನನಗೆ ಗೊತ್ತೇ ಇರಲಿಲ್ಲ. ಒಬ್ಬರದು ಹೋದರೆ ಎಲ್ಲರದೂ ಹೋಗುತ್ತದೆ ಅಂತ ನಮ್ಮಲ್ಲಿ ಎಲ್ಲರೂ ಹೆದರಿಕೊಂಡಿದ್ದಾರೆ. ಆ ಇಬ್ಬರು ಸಹಿ ಹಾಕಿದ್ದೂ ಅದಕ್ಕೇ ಇರಬೇಕು.

ಹಳೇ ರಿಜಿಸ್ಟರ್
ಇನ್ನೊಂದು ಕೇಳುವುದು ಮರೆತೆ. ನೀವು ಅವರ ಹೊಲ ನೋಡಿದಿರಿ. ನಿಮ್ಮ ಹೊಲ ನೋಡಿದ್ದು ಯಾರು?

ಎರಡೆಕರೆ
ಅವರೇ. ಇನ್ನಿಬ್ಬರ ಜೊತೆ.

ಹಳೇ ರಿಜಿಸ್ಟರ್
ನೋಡಿ, ಎಡವಟ್ಟು ಇಲ್ಲಿಂದಲೇ ಶುರು. ನೀವು ಅವರದು, ಅವರು ನಿಮ್ಮದು ನೋಡುವ ಹಾಗಿಲ್ಲ. ಕೈಪಿಡಿಯಲ್ಲೇ ಇದೆ. ಕಳೆ ಕೀಳಲು ಮುಯ್ಯಾಳು ಹೋಗುತ್ತೇವಲ್ಲ, ಇಂದು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ ಅಂತ? ಆ ಲೆಕ್ಕ ಇಲ್ಲಿಗೆ ಬಂದರೆ ಸಹಿಗೂ ಮುಯ್ಯಿ ಶುರುವಾಗುತ್ತದೆ. ಸುತ್ತು ಹಾಕಿ. ಒಂದನೆಯವರದು ಎರಡು, ಮೂರು, ನಾಲ್ಕನೆಯವರು ನೋಡಲಿ. ಎರಡನೆಯವರದು ಮೂರು, ನಾಲ್ಕು, ಐದು. ಹೀಗೆ ಏಳು ಜನಕ್ಕೆ ತಿರುಗಿಸಿದರೆ ಯಾರಿಗೂ ಮುಯ್ಯಿ ಬರುವುದಿಲ್ಲ, ಎಣಿಸಿ ನೋಡಿ.

ಕೂರಿಗೆ
ಎಣಿಸಿದೆ. ಸರಿ ಇದೆ. ಐದೇ ಜನ ಇದ್ದರೆ ಆಗುವುದಿಲ್ಲ ಅಲ್ವಾ? ನಾಲ್ಕನೆಯವರದು ಐದು, ಒಂದು, ಎರಡು. ಒಂದನೆಯವರದು ನಾಲ್ಕು ನೋಡಿದ್ದಾರೆ. ಸಿಕ್ಕಿಬಿತ್ತು.

ಹಳೇ ರಿಜಿಸ್ಟರ್
ಹೌದು. ಅದಕ್ಕೇ ನಾನು ಯಾರು ಕೇಳಿದರೂ ಕನಿಷ್ಠ ಏಳು ಜನ ಇಟ್ಟುಕೊಳ್ಳಿ ಅನ್ನುವುದು. ನಿಯಮ ಐದು ಅನ್ನುತ್ತದೆ, ಅನುಭವ ಏಳು ಅನ್ನುತ್ತದೆ.

ನೊಗ
ಇಷ್ಟೆಲ್ಲಾ ಲೆಕ್ಕ ಹಾಕಿದರೂ ನೋಡುವವರು ಅದೇ ಏಳು ಜನ. ಮುಖ ನೋಡಿ ಮಣೆ ಹಾಕುವುದು ತಪ್ಪುತ್ತದಾ? ಗೊತ್ತಿಲ್ಲದವನು ಬಂದು ನೋಡಿದರೆ ಅವನಿಗೆ ಷಡ್ಡಕನೂ ಇಲ್ಲ, ಅತ್ತಿಗೆಯೂ ಇಲ್ಲ. ಹೊರಗಿನವರ ತಪಾಸಣೆಯೇ ಸರಿ. ಎನ್‌ಪಿಒಪಿ ಅಂತ ಸರ್ಕಾರದ ಇನ್ನೊಂದು ಸರ್ಟಿಫಿಕೇಟ್ ಪದ್ಧತಿ ಇರುವುದೇ ಅದಕ್ಕೆ.

ಕಣಜ
ನೊಗ ಅವರೇ, ನಾನು ಎನ್‌ಪಿಒಪಿ ಗುಂಪಿನಲ್ಲೂ ಇದ್ದೆ, ಈಗ ಪಿಜಿಎಸ್‌ನಲ್ಲಿದ್ದೇನೆ. ಎರಡೂ ಕಂಡ ಕಣ್ಣು.

ಅಲ್ಲಿ ಗುಂಪಿಗೆ ಕನಿಷ್ಠ 25, ಹೆಚ್ಚೆಂದರೆ 500 ರೈತರು. ನಮ್ಮದರಲ್ಲಿ ಮುನ್ನೂರು ಚಿಲ್ಲರೆ ಇದ್ದೆವು. ಒಳಗಿನ ತಪಾಸಣೆ ಗುಂಪಿನ ಸಿಬ್ಬಂದಿಯೇ ಮಾಡುವುದು. ಹೊರಗಿನ ತಪಾಸಕರು ಬಂದಾಗ ಎಲ್ಲರ ಹೊಲಕ್ಕೂ ಹೋಗುವುದಿಲ್ಲ, ಕೆಲವರದನ್ನು ಆರಿಸಿ ನೋಡುತ್ತಾರೆ. ಬರುವ ದಿನ ನಮಗೆ ಮುಂಚೆಯೇ ಗೊತ್ತಾಗುತ್ತಿತ್ತು. ಆ ದಿನ ಎಲ್ಲರ ಮನೆ ಮುಂದೆ ಜೀವಾಮೃತದ ಡ್ರಮ್ಮು! ಒಬ್ಬರ ಡ್ರಮ್ಮು ಮೂರು ಮನೆ ಸುತ್ತಿದ್ದೂ ಉಂಟು.

ಅದಕ್ಕಿಂತ ದೊಡ್ಡ ನೋವು ಬೇರೆ. ಸರ್ಟಿಫಿಕೇಟ್ ಇದ್ದದ್ದು ಮಾಲು ಕೊಳ್ಳುತ್ತಿದ್ದ ಕಂಪನಿಯ ಹೆಸರಲ್ಲಿ. ಖರ್ಚು ಅವರೇ ಹಾಕಿದ್ದರು, ಹಾಗಾಗಿ ಕಾಗದವೂ ಅವರದೇ. ಮೂರು ವರ್ಷ ಆದ ಮೇಲೆ ಅವರಿಗೆ ಬೇರೆ ಕಡೆ ಅಗ್ಗಕ್ಕೆ ಸಿಕ್ಕಿತು, ಬಿಟ್ಟು ಹೋದರು. ನಮ್ಮ ಕೈಯಲ್ಲಿ ಹೊಲ ಉಳಿಯಿತು, ಕಾಗದ ಉಳಿಯಲಿಲ್ಲ. ಬೇರೆಯವರಿಗೆ ಸಾವಯವ ಅಂತ ಹೇಳಿ ಮಾರಲು ಹೋದರೆ ತೋರಿಸಲು ಒಂದು ಹಾಳೆ ಇಲ್ಲ.

ನೊಗ
ಅದು ಆ ಕಂಪನಿಯ ತಪ್ಪು, ಪದ್ಧತಿಯದಲ್ಲ.

ಕಣಜ
ಇರಬಹುದು. ಎನ್‌ಪಿಒಪಿ ಬೇಡ ಅಂತ ನಾನೂ ಹೇಳುತ್ತಿಲ್ಲ. ಕಾಫಿ, ಮೆಣಸು, ಅರಿಶಿನ ಹೊರದೇಶಕ್ಕೆ ಕಳಿಸುವವರಿಗೆ ಅದೇ ಬೇಕು. ಪಿಜಿಎಸ್ ಕಾಗದ ಹಿಡಿದು ರಫ್ತು ಮಾಡಲು ಆಗುವುದಿಲ್ಲ. ಆದರೆ ಎರಡೆಕರೆ ರಾಗಿ ಬೆಳೆದು ಸುತ್ತಮುತ್ತ ಮಾರುವವರಿಗೆ ಆ ಭಾರ ಯಾಕೆ?

ಸಂತೆ ಚೀಲ
ನಾನು ಕೊಳ್ಳುವವಳು, ಬೆಂಗಳೂರು. ಒಂದು ಪ್ರಶ್ನೆ. ಪ್ಯಾಕೆಟ್ ಮೇಲೆ ಜೈವಿಕ್ ಭಾರತ್ ಗುರುತು ಇರುತ್ತದಲ್ಲ, ಅದೂ ಇದೂ ಒಂದೇನಾ?

ಕೂರಿಗೆ
ಮೇಡಂ, ಅದು ಆಹಾರ ಸುರಕ್ಷತಾ ಪ್ರಾಧಿಕಾರದ್ದು. 2017ರ ಸಾವಯವ ಆಹಾರ ನಿಯಮದಲ್ಲಿ ಎರಡು ದಾರಿಗೆ ಒಪ್ಪಿಗೆ ಇದೆ. ಒಂದು ಎನ್‌ಪಿಒಪಿ, ಇನ್ನೊಂದು ಪಿಜಿಎಸ್ ಇಂಡಿಯಾ. ಎನ್‌ಪಿಒಪಿ ವಾಣಿಜ್ಯ ಸಚಿವಾಲಯದ್ದು, ಕೃಷಿ ರಫ್ತಿನ ಸಂಸ್ಥೆ ಅಪೆಡಾ ನೋಡಿಕೊಳ್ಳುತ್ತದೆ. ಪಿಜಿಎಸ್ ಇಂಡಿಯಾ ಕೃಷಿ ಸಚಿವಾಲಯದ್ದು, ಗಾಜಿಯಾಬಾದಿನ ಸಾವಯವ ಮತ್ತು ನೈಸರ್ಗಿಕ ಕೃಷಿ ಕೇಂದ್ರ ನೋಡಿಕೊಳ್ಳುತ್ತದೆ. ಜೈವಿಕ್ ಭಾರತ್ ಗುರುತು ಇವೆರಡರ ಮೇಲೆ ಕೂರುವ ಟೋಪಿ ಅಂದುಕೊಳ್ಳಿ.

ಸಣ್ಣ ರೈತರು ನಿಮ್ಮಂಥವರಿಗೆ ನೇರವಾಗಿ ಮಾರಿದರೆ ಸರ್ಟಿಫಿಕೇಟ್ ಇಲ್ಲದೆಯೂ ಸಾವಯವ ಅನ್ನಬಹುದು. ವರ್ಷಕ್ಕೆ 12 ಲಕ್ಷ ರೂಪಾಯಿ ಒಳಗಿನ ವಹಿವಾಟಿನವರಿಗೆ ಈ ವಿನಾಯಿತಿ. ಆ ಗುರುತು ಮಾತ್ರ ಹಾಕಿಕೊಳ್ಳುವಂತಿಲ್ಲ.

ನೊಗ
ಹಾಗಿದ್ದ ಮೇಲೆ ಎರಡೆಕರೆಯವರಿಗೆ ಈ ತಲೆನೋವೇ ಯಾಕೆ? ಸಹಿ, ಹಾಳೆ, ಷಡ್ಡಕ, ಎಲ್ಲಾ ಬಿಟ್ಟು ನೇರ ಮಾರಲಿ.

ಎರಡೆಕರೆ
ಎರಡು ಚೀಲ ನೇರ ಮಾರಬಹುದು ಸಾರ್. ಏಳು ಜನರ ರಾಗಿ ಸೇರಿದರೆ ಅಂಗಡಿಗೆ ಕೊಡಲೇಬೇಕು. ಅಂಗಡಿಯವರು ಕೇಳುವ ಮೊದಲ ಮಾತೇ ಕಾಗದ ಎಲ್ಲಿ ಅಂತ.

ಸಂತೆ ಚೀಲ
ನಾನು ಐದು ವರ್ಷದಿಂದ ಒಬ್ಬರ ಹತ್ತಿರವೇ ಅಕ್ಕಿ ತರಿಸುತ್ತೇನೆ. ಕಾಗದ ಕೇಳಿದ್ದೇ ಇಲ್ಲ. ಅವರ ಗದ್ದೆಗೆ ಎರಡು ಸಲ ಹೋಗಿ ಬಂದಿದ್ದೇನೆ, ನಾಟಿಯೂ ಮಾಡಿದ್ದೇನೆ. (ಕೆಸರಲ್ಲಿ ಬಿದ್ದೆ, ಅದು ಬೇರೆ ಕಥೆ.) ಆದರೆ ಇದನ್ನು ಓದಿದ ಮೇಲೆ ಒಂದು ಅನುಮಾನ ಬಂದಿದೆ. ಗದ್ದೆ ನೋಡಿ ನನಗೇನು ತಿಳಿಯಿತು? ಎಲ್ಲಾ ಹಸಿರಾಗಿತ್ತು, ಅಷ್ಟೇ. ಬದು ಹಳದಿ ಇದ್ದಿದ್ದರೂ ಬಿಸಿಲಿಗೆ ಅಂದರೆ ನಾನು ನಂಬಿಬಿಡುತ್ತಿದ್ದೆ.

ಬದುವಿನ ಹುಲ್ಲು
ಸರಿಯಾಗಿ ಹಿಡಿದಿರಿ ಅಕ್ಕ. ಬಿಸಿಲಿಗೆ ಒಣಗಿದ ಹುಲ್ಲಿಗೂ ಔಷಧಿಗೆ ಸತ್ತ ಹುಲ್ಲಿಗೂ ವ್ಯತ್ಯಾಸ ಗೊತ್ತಿರುವುದು ದಿನಾ ಹೊಲದಲ್ಲಿ ಇರುವವನಿಗೆ. ಪಕ್ಕದ ಹೊಲದವನಿಗೆ ನಾನು ಯಾವಾಗ ಗೊಬ್ಬರದಂಗಡಿಯಿಂದ ಚೀಲ ತಂದೆ ಅಂತಲೂ ಗೊತ್ತಿರುತ್ತದೆ. ಯಾವ ಇನ್‌ಸ್ಪೆಕ್ಟರ್‌ಗೂ ಇದು ಗೊತ್ತಾಗುವುದಿಲ್ಲ. ಪಿಜಿಎಸ್ ನಿಂತಿರುವುದೇ ಇದರ ಮೇಲೆ.

ನೊಗ
ಗೊತ್ತಿರುತ್ತದೆ, ಒಪ್ಪಿದೆ. ಗೊತ್ತಿದ್ದೂ ಹೇಳುವುದಿಲ್ಲ. ನನ್ನ ವಾದ ಅಷ್ಟೇ. ಎರಡೆಕರೆಯವರ ಜೊತೆ ಹೋದ ಇಬ್ಬರಿಗೆ ಗೊತ್ತಿರಲಿಲ್ಲವಾ? ಸಹಿ ಹಾಕಿದರು ತಾನೆ?

ಮಲೆನಾಡ ಮಳೆ
ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಆದರೂ ಕೇಳುತ್ತೇನೆ. ನಮ್ಮದು ಅಡಿಕೆ. ಬೋರ್ಡೋ ಹೊಡೆಯದೆ ಮಳೆಗಾಲ ದಾಟುವುದಿಲ್ಲ, ಕೊಳೆ ರೋಗಕ್ಕೆ ಅರ್ಧ ಫಸಲು ಉದುರಿ ಹೋಗುತ್ತದೆ. ನಾವು ಈ ಪಿಜಿಎಸ್ ಗುಂಪು ಮಾಡಲು ಆಗುತ್ತದಾ?

ಕಣಜ
ಬೋರ್ಡೋ ನಡೆಯುತ್ತದೆ. ಸುಣ್ಣ, ಮೈಲುತುತ್ತ ತಾನೆ.

ಬದುವಿನ ಹುಲ್ಲು
ಸುಮ್ನೆ ನಡೆಯುತ್ತದೆ ಅನ್ನಬೇಡಿ. ಸಾವಯವದಲ್ಲಿ ತಾಮ್ರಕ್ಕೆ ಪೂರ್ತಿ ನಿಷೇಧ ಇಲ್ಲ, ಮಿತಿ ಇದೆ. ತಾಮ್ರ ಮಣ್ಣಲ್ಲಿ ಕರಗಿ ಮಾಯ ಆಗುವ ವಸ್ತುವಲ್ಲ. ಕೂತೇ ಇರುತ್ತದೆ. ಎರೆಹುಳಕ್ಕೆ ಒಳ್ಳೆಯದಲ್ಲ. ಶೇಕಡಾ 1ರ ದ್ರಾವಣಕ್ಕೆ 100 ಲೀಟರಿಗೆ 1 ಕೆಜಿ ಮೈಲುತುತ್ತ. ಅದರಲ್ಲಿ ತಾಮ್ರ ಸುಮಾರು ಕಾಲು ಕೆಜಿ. ವರ್ಷಕ್ಕೆ ಎಷ್ಟು ಡ್ರಮ್ಮು ಹೊಡೆಯುತ್ತೀರಿ, ಲೆಕ್ಕ ಹಾಕಿ.

ಮಲೆನಾಡ ಮಳೆ
ನಮ್ಮಜ್ಜನ ಕಾಲದಿಂದ ಹೊಡೆಯುತ್ತಿದ್ದೇವೆ. ತೋಟ ಚೆನ್ನಾಗೇ ಇದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆಗೆ ಬೋರ್ಡೋ ಹೊಡೆಯಲು ತೋರಿಸಿಕೊಟ್ಟು ನೂರು ವರ್ಷದ ಮೇಲಾಯಿತು. ಬೇರೆ ದಾರಿ ಇದ್ದರೆ ಹೇಳಿ, ನಾಳೆಯೇ ಬಿಡುತ್ತೇನೆ.

ಬದುವಿನ ಹುಲ್ಲು
ಕೊಟ್ಟೆ ಕಟ್ಟಿ, ಗೊನೆಗೆ ಮಳೆ ತಾಗದ ಹಾಗೆ ಹೊದಿಕೆ.

ಮಲೆನಾಡ ಮಳೆ
ಹಹ್ಹ! ಕೊಟ್ಟೆ ಕಟ್ಟಲು ಮರ ಹತ್ತುವವರನ್ನು ನೀವೇ ಕಳಿಸುತ್ತೀರಾ? ಮೂರೆಕರೆಗೆ ಇಬ್ಬರು ಸಾಕು, ಊಟ ನಮ್ಮದು.

ನಿರ್ವಾಹಕ
ಬೋರ್ಡೋಗೆ ಬೇರೆ ಚರ್ಚೆ ತೆರೆಯಿರಿ ದಯವಿಟ್ಟು. ಇದು ಪ್ರತಿ ವರ್ಷ ಜೂನ್‌ನಲ್ಲಿ ಶುರುವಾಗಿ ಅಕ್ಟೋಬರ್‌ವರೆಗೆ ನಡೆಯುತ್ತದೆ, ಇಲ್ಲಿ ಬೇಡ.

ಅಂಚೆ ಚೀಟಿ
ಈ ಪದ್ಧತಿ ನಮ್ಮಲ್ಲಿ ಹುಟ್ಟಿದ್ದಲ್ಲ. ಫ್ರಾನ್ಸಿನ ನೇಚರ್ ಎ ಪ್ರೊಗ್ರೆ ಸಂಘದವರು 1970ರ ದಶಕದಲ್ಲೇ ಒಬ್ಬರ ಹೊಲ ಇನ್ನೊಬ್ಬರು ನೋಡಿ ಗುರುತು ಕೊಡುತ್ತಿದ್ದರು. ಬ್ರೆಜಿಲಿನ ದಕ್ಷಿಣದಲ್ಲಿ ಎಕೋವಿಡಾ ಅಂತ ಸಣ್ಣ ರೈತರ ದೊಡ್ಡ ಜಾಲ ಇದೆ, 1998ರಿಂದ. ಅಮೆರಿಕದಲ್ಲೂ ಸಣ್ಣ ರೈತರು 2002ರಲ್ಲಿ ಇಂಥದ್ದೇ ಒಂದು ಮಾಡಿಕೊಂಡರು. 2004ರಲ್ಲಿ ಬ್ರೆಜಿಲಿನ ಟೊರೆಸ್ ಊರಲ್ಲಿ ಎಲ್ಲರೂ ಸೇರಿ ಮಾತಾಡಿದ ಮೇಲೆ ಪಿಜಿಎಸ್ ಅನ್ನುವ ಹೆಸರು ಎಲ್ಲಾ ಕಡೆ ಹರಡಿತು. ನಮ್ಮ ಸರ್ಕಾರ ಪಿಜಿಎಸ್ ಇಂಡಿಯಾ ಶುರು ಮಾಡಿದ್ದು 2011ರಲ್ಲಿ.

ನೊಗ ಅವರ ಪ್ರಶ್ನೆಗೆ ಎಕೋವಿಡಾದವರಲ್ಲಿ ಸ್ವಲ್ಪ ಉತ್ತರ ಇದೆ. ಹೊಲ ನೋಡುವವರಲ್ಲಿ ಪಕ್ಕದ ಗುಂಪಿನವರೂ ಇರುತ್ತಾರೆ. ಕೊಳ್ಳುವವರೂ ಜಾಲದ ಒಳಗಿದ್ದಾರೆ. ಬೇರೆ ಗುಂಪಿನವನಿಗೆ ನಿಮ್ಮ ಷಡ್ಡಕ ಯಾರೂ ಅಲ್ಲ. ಆದರೆ ಅವನೂ ರೈತನೇ, ಹುಲ್ಲು ಹೇಗೆ ಸತ್ತಿತು ಅಂತ ಅವನಿಗೆ ಗೊತ್ತಾಗುತ್ತದೆ.

ನೊಗ
ಇದು ಒಪ್ಪುವ ಮಾತು. ಪಕ್ಕದ ಊರಿನವರನ್ನು ಕರೆಸಿ.

ಹಳೇ ರಿಜಿಸ್ಟರ್
ನಮ್ಮಲ್ಲಿ ಪಕ್ಕದ ಹಳ್ಳಿಯ ಗುಂಪಿನಿಂದ ಒಬ್ಬರನ್ನು ಕರೆಯುತ್ತಿದ್ದೆವು. ಒಳ್ಳೆಯದಾಯಿತು. ಆದರೆ ನಮ್ಮ ಗುಂಪು ಕೊನೆಗೆ ಮುಚ್ಚಿದ್ದು ಯಾಕೆ ಗೊತ್ತಾ? ಜಗಳದಿಂದ ಅಲ್ಲ. ಸಭೆಗೆ ಜನ ಬರುವುದು ನಿಂತಿತು. ಸರ್ಕಾರದ ಯೋಜನೆಯಲ್ಲಿ ಮೂರು ವರ್ಷ ಸಹಾಯಧನ ಇತ್ತು. ಆಗ ಎರೆಹುಳ ತೊಟ್ಟಿಗೆ, ಡ್ರಮ್ಮಿಗೆ, ತರಬೇತಿಗೆ ಎಲ್ಲರೂ ಹಾಜರ್. ದುಡ್ಡು ನಿಂತ ಮೇಲೆ ನಾನು ಮತ್ತು ನನ್ನ ರಿಜಿಸ್ಟರ್, ಇಬ್ಬರೇ. ಅರ್ಧ ಸಭೆಗಾದರೂ ಬರಬೇಕು ಅಂತ ನಿಯಮ ಇದೆ. ಬಾರದವರ ಮನೆಗೆ ಹೋಗಿ ಹಾಜರಿ ಸಹಿ ಹಾಕಿಸಿಕೊಂಡು ಬಂದೆ ಒಂದು ವರ್ಷ. ಅದೂ ಸುಳ್ಳೇ ಅಲ್ವಾ? ಆಮೇಲೆ ಸಾಕು ಅನ್ನಿಸಿತು. ನಿಲ್ಲಿಸಿದೆ.

ಕೂರಿಗೆ
ಇದನ್ನು ಹೇಳಿದ್ದು ಒಳ್ಳೆಯದಾಯಿತು ಅಣ್ಣ.

ತೂಬು
ನನ್ನದೊಂದು ಸಂಕಟ. ನಾನು ಏನೂ ಹೊಡೆಯುವುದಿಲ್ಲ. ಪಕ್ಕದವರು ಈಗ ಡ್ರೋನ್ ತರಿಸಿ ಹೊಡೆಸುತ್ತಾರೆ. ಗಾಳಿ ನಮ್ಮ ಕಡೆ ಬೀಸಿದರೆ ವಾಸನೆ ಮನೆವರೆಗೂ ಬರುತ್ತದೆ. ನನ್ನ ಸರ್ಟಿಫಿಕೇಟ್ ಹೋಗುತ್ತದಾ?

ಹಳೇ ರಿಜಿಸ್ಟರ್
ನೀವು ಹೊಡೆಯದಿದ್ದರೂ ತಡೆಯುವ ಏರ್ಪಾಡು ಮಾಡಿದ್ದೀರಾ ಅಂತ ಕೇಳುತ್ತಾರೆ. ಎತ್ತರದ ಬೇಲಿ ಗಿಡ ಹಾಕಿ. ಗ್ಲಿರಿಸಿಡಿಯಾ ಬೇಗ ಬರುತ್ತದೆ, ಸೊಪ್ಪು ಗೊಬ್ಬರಕ್ಕೂ ಆಯಿತು. ಆ ಅಂಚಿನ ನಾಲ್ಕು ಸಾಲು ಬೇರೆ ಕೊಯ್ದು ಬೇರೆ ಮಾರಿ. ಮೇಲಿನ ಹೊಲದಿಂದ ನೀರು ಹರಿದು ಬರುತ್ತಿದ್ದರೆ ಒಂದು ಕಾಲುವೆ ತೆಗೆದು ತಿರುಗಿಸಿ. ಯಾವ ತಾರೀಖು ಡ್ರೋನ್ ಬಂತು ಅಂತ ಪುಸ್ತಕದಲ್ಲಿ ಬರೆದಿಡಿ. ನಾಳೆ ಕಾಳಲ್ಲಿ ಔಷಧಿಯ ಅಂಶ ಸಿಕ್ಕರೆ ಮಾತಾಡಲು ಆ ಪುಸ್ತಕವೇ ನಿಮಗೆ ಆಧಾರ.

ಸಂತೆ ಚೀಲ
ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದರೆ ಎಲ್ಲಾ ಮುಗಿಯಿತಲ್ವಾ? ಈ ಸಹಿ ಗಲಾಟೆ ಯಾಕೆ?

ಬದುವಿನ ಹುಲ್ಲು
ಮುಗಿಯುವುದಿಲ್ಲ ಅಕ್ಕ. ಲ್ಯಾಬು ಚೀಲದಲ್ಲಿರುವ ಕಾಳನ್ನು ನೋಡುತ್ತದೆ, ಹೊಲವನ್ನಲ್ಲ. ಇವರ ಷಡ್ಡಕರ ರಾಗಿಯಲ್ಲಿ ಏನೂ ಸಿಗುವುದಿಲ್ಲ, ಬರೆದುಕೊಡುತ್ತೇನೆ. ಬದುವಿಗೆ ಹೊಡೆದದ್ದು ರಾಗಿಗೆ ಬರುವುದು ಕಷ್ಟ. ಯೂರಿಯಾ ಹಾಕಿದ್ದರೂ ಕೀಟನಾಶಕದ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಅದೂ ಅಲ್ಲದೆ ಒಂದೊಂದು ಪರೀಕ್ಷೆಗೆ ಸಾವಿರಗಟ್ಟಲೆ ಆಗುತ್ತದೆ. ಏಳು ಜನ, ಮೂರು ನಾಲ್ಕು ಬೆಳೆ. ರಾಗಿ ಮಾರಿದ ದುಡ್ಡೆಲ್ಲಾ ಲ್ಯಾಬಿಗೇ.

ನೊಗ
ನೀವೇ ಹೇಳಿದಿರಿ, ರಾಗಿಗೆ ಏನೂ ಬರುವುದಿಲ್ಲ ಅಂತ. ಹಾಗಾದರೆ ತಿನ್ನುವವರಿಗೆ ನಷ್ಟ ಏನು?

ಬದುವಿನ ಹುಲ್ಲು
ನನ್ನ ಮಾತಿಂದ ನನ್ನನ್ನೇ ಕಟ್ಟಿಹಾಕಿದಿರಿ! ಆದರೆ ಚೀಲದ ಮೇಲೆ "ಔಷಧಿ ಅಂಶ ಇಲ್ಲ" ಅಂತ ಬರೆದಿಲ್ಲ ಸ್ವಾಮಿ. ಸಾವಯವವಾಗಿ ಬೆಳೆದಿದ್ದೇವೆ ಅಂತ ಬರೆದಿದೆ. ಎರಡೂ ಬೇರೆ.

ಕಣಜ
ಎರಡೆಕರೆಯವರು ಎಲ್ಲಿ ಹೋದರು? ನಾವೇ ಕಿತ್ತಾಡುತ್ತಿದ್ದೇವೆ.

ಅಳಿಯ
ನನಗೆ ಅವರ ಷಡ್ಡಕರ ಮೇಲೆ ಅಯ್ಯೋ ಅನ್ನಿಸುತ್ತದೆ. ಆಳು ಸಿಗಲ್ಲ, ಹಾವು ನಿಜ. ನಮ್ಮಲ್ಲಿ ಹೋದ ವರ್ಷ ಬದು ಸವರುವಾಗಲೇ ಒಬ್ಬರಿಗೆ ಕಚ್ಚಿತು, ಬದುಕಿಕೊಂಡರು. ಅವರು ಮುಚ್ಚಿಡಬಹುದಿತ್ತು. ಟೀ ಕುಡಿಯುತ್ತಾ ಹೇಳಿಬಿಟ್ಟರು. ಹೊರಗಿನ ಇನ್‌ಸ್ಪೆಕ್ಟರ್‌ಗೆ ಹಾಗೆ ಹೇಳುತ್ತಿದ್ದರಾ?

ಕೂರಿಗೆ
ಇದು ಯಾರಿಗೂ ಹೊಳೆದಿರಲಿಲ್ಲ ನೋಡಿ.

ಎರಡೆಕರೆ
ಕ್ಷಮಿಸಿ, ನಾಲ್ಕು ದಿನ ಈ ಕಡೆ ಬರಲು ಆಗಲಿಲ್ಲ. ಎಲ್ಲರ ಮಾತು ಓದಿದೆ. ನಡೆದದ್ದು ಹೇಳುತ್ತೇನೆ.

ಮೊದಲು ಷಡ್ಡಕರ ಮನೆಗೇ ಹೋದೆ, ಸಭೆಗೆ ಮುಂಚೆ. ಎಲ್ಲರೆದುರು ಒಮ್ಮೆಲೇ ಎತ್ತುವುದು ಬೇಡ ಅನ್ನಿಸಿತು. ಒಬ್ಬೊಬ್ಬರ ಲೆಕ್ಕ ಬೇರೆ ಅಂತ ಹಳೇ ರಿಜಿಸ್ಟರ್ ಅಣ್ಣ ಹೇಳಿದ್ದನ್ನು ಹೇಳಿದೆ. "ಅಂದರೆ ನಾನೊಬ್ಬನೇ ಹಿಂದೆ ಬೀಳುವುದು, ನೀವೆಲ್ಲಾ ಮುಂದೆ" ಅಂದರು. ಹೌದು ಅಂದೆ. ಅವರ ಮನೆಯವರು ಒಳಗಿಂದ ಎಲ್ಲಾ ಕೇಳಿಸಿಕೊಂಡರು. ಕಾಫಿ ಬರಲಿಲ್ಲ.

ಭಾನುವಾರ ಸಭೆಗೆ ಅವರು ಬಂದರು. ನಾನು ಬಾಯಿ ಬಿಡುವ ಮೊದಲೇ ಅವರೇ ಎದ್ದು ಹೇಳಿದರು. ಆಮೇಲೆ ಅರ್ಧ ಗಂಟೆ ಗಲಾಟೆ. ಸಹಿ ಹಾಕಿದ್ದ ಇಬ್ಬರಿಗೆ ಮುಖ ತೋರಿಸಲು ಆಗದ ಹಾಗಾಯಿತು, ಅವರಿಗೆ ನನ್ನ ಮೇಲೆ ಈಗ ಸಿಟ್ಟು ಜಾಸ್ತಿ. ಕೊನೆಗೆ ಹಳೇ ಹಾಳೆ ಹೊಡೆದು ಹಾಕಿ ಹೊಸದು ಬರೆದೆವು. ಅವರ 24 ತಿಂಗಳು ಔಷಧಿ ಹೊಡೆದ ದಿನದಿಂದ. ಈ ಸಲದ ಅವರ ರಾಗಿ ನಮ್ಮ ಚೀಲಗಳ ಜೊತೆ ಸೇರುವುದಿಲ್ಲ. ನನ್ನ ಹೊಲವನ್ನೂ ಮತ್ತೆ ನೋಡಬೇಕು ಅಂತ ನಾನೇ ಕೇಳಿದೆ, ಮುಯ್ಯಿ ಆಗಿತ್ತಲ್ಲ. ಮುಂದಿನ ವಾರ ಬೇರೆ ಮೂವರು ಬರುತ್ತಾರೆ. ಪಕ್ಕದ ಊರಿನ ಗುಂಪಿನವರನ್ನೂ ಒಬ್ಬರು ಕೇಳಿದ್ದೇವೆ, ಇನ್ನೂ ಹೂಂ ಅಂದಿಲ್ಲ.

ಏಳೂ ಜನ ದುಡ್ಡು ಹಾಕಿ ಹುಲ್ಲು ಹೊಡೆಯುವ ಮಷಿನ್ ಒಂದು ತರೋಣ ಅಂತ ಮಾತಾಯಿತು. ಆ ಮಾತು ಎತ್ತಿದ್ದೂ ಷಡ್ಡಕರೇ.

ನಾದಿನಿ ಇನ್ನೂ ನನ್ನ ಹತ್ತಿರ ಮಾತಾಡುತ್ತಿಲ್ಲ.

ನೊಗ
ನಾನು ಸಹಿ ಹಾಕಿಬಿಡಿ ಅಂದಿದ್ದೆ. ಆಗಲಿ. ಸೋತೆ ಅಂತ ಮಾತ್ರ ಬರೆಯುವುದಿಲ್ಲ. ಮುಂದಿನ ಸಲ ಅವರು ಟೀ ಕುಡಿಯುತ್ತಾ ಹೇಳುತ್ತಾರಾ ನೋಡೋಣ.

ಹಳೇ ರಿಜಿಸ್ಟರ್
ಹಳೇ ಹಾಳೆ ಹರಿಯಬೇಡಿ ಅಣ್ಣ. ಮೇಲೆ ಅಡ್ಡ ಗೆರೆ ಎಳೆದು, ತಾರೀಖು ಹಾಕಿ, ಪುಸ್ತಕದಲ್ಲೇ ಇಡಿ. ಯಾಕೆ ಬದಲಾಯಿತು ಅಂತ ಒಂದು ಸಾಲು ಬರೆಯಿರಿ. ಮುಂದೆ ಯಾರಾದರೂ ಕೇಳಿದರೆ ನಿಮ್ಮ ಗುಂಪಿನ ಬಗ್ಗೆ ಅದಕ್ಕಿಂತ ಒಳ್ಳೆಯ ಕಾಗದ ಇನ್ನೊಂದು ಇರುವುದಿಲ್ಲ.

ಸಂತೆ ಚೀಲ
ರಾಗಿ ಕಟಾವು ಆದ ಮೇಲೆ ತಿಳಿಸಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಐದಾರು ಮನೆಯವರು ಸೇರಿ ತೆಗೆದುಕೊಳ್ಳುತ್ತೇವೆ. ಷಡ್ಡಕರದೂ ಇರಲಿ, ಚೀಟಿ ಬೇರೆ ಅಂಟಿಸಿ ಕಳಿಸಿ.

ಮಲೆನಾಡ ಮಳೆ
ಮಷಿನ್ ತರುವುದಾದರೆ ಟೂ ಸ್ಟ್ರೋಕ್ ಬೇಡ, ಫೋರ್ ಸ್ಟ್ರೋಕ್ ತನ್ನಿ. ಪೆಟ್ರೋಲಿಗೆ ಆಯಿಲ್ ಬೆರೆಸುವ ತಾಪತ್ರಯ ಇಲ್ಲ. ಏಳು ಜನ ಬಳಸಿದರೆ ಒಬ್ಬರಾದರೂ ಆಯಿಲ್ ಹಾಕುವುದು ಮರೆತು ಇಂಜಿನ್ ಹಿಡಿಸಿಬಿಡುತ್ತಾರೆ.

ತೂಬು
ಫೋರ್ ಸ್ಟ್ರೋಕ್ ಭಾರ ಜಾಸ್ತಿ. ಬೆನ್ನಿಗೆ ಹಾಕುವುದಾ, ಹೆಗಲಿಗಾ?